ತುರಾಯಿ ಇಲ್ಲದ ನವಿಲು

ಪ್ರೇಮಕ್ಕ ಗೊಂದಲದ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಓದುವವರು ಅವರನ್ನು ಹಾಗೆಂದುಕೊಳ್ಳುವ ಸಂಭವವಿದೆ. ಸೀರೆ ಅಂಗಡಿಯಲ್ಲಿ ನಾನು ಹದಿನಾರು ಸೀರೆ ಬಿಚ್ಚಿಸಿ ಅಂಗಡಿಯವನಿಂದ ಶಾಪ ಹಾಕಿಸಿಕೊಳ್ಳುವ ಹೊತ್ತಿಗೆ ಅವರು ಎರಡನೆಯ ಸೀರೆಯನ್ನೇ ಎತ್ತಿ ಚೀಲಕ್ಕೆ ಹಾಕಿಕೊಂಡು ನಿಂತಿರುತ್ತಿದ್ದರು. ಮಗಳು ಅಪೂರ್ವಳಿಗೆ ಸೊಲ್ಲಾಪುರದ ಗಂಡು ಬಂದಾಗ ಒಂದು ಕಪ್ ಚಹಾ ಮುಗಿಯುವುದರೊಳಗೆ ಹೂಂ ಅಂದವರು. ಅಂಥವರು ಎರಡು ಸಾವಿರದ ಐದನೇ ಇಸವಿಯ ಜನವರಿಯಿಂದ ಫೆಬ್ರವರಿ ಅರ್ಧದವರೆಗೆ, ಕಾಗದ ಕತ್ತರಿಸುವ ಒಂದು ಪುಟ್ಟ ಮಷೀನು ಕೊಳ್ಳಬೇಕೋ ಬೇಡವೋ ಎಂದು ತಲೆ ಕೆಡಿಸಿಕೊಂಡು, ಜೊತೆಗೆ ನನ್ನ ತಲೆಯನ್ನೂ ಕೆಡಿಸಿದರು.

ಹೈದರಾಬಾದಿನ ಲಿಂಗಂಪಲ್ಲಿಯಲ್ಲಿ ನಮ್ಮವು ಎದುರುಬದುರು ಮನೆ. ನನ್ನ ಗಂಡ ಸತೀಶ ಜೀಡಿಮೆಟ್ಲಾದ ಔಷಧಿ ಕಾರ್ಖಾನೆಗೆ ಹೋಗುತ್ತಾರೆ. ಪ್ರೇಮಕ್ಕನ ಯಜಮಾನರು ಹನುಮಂತರಾಯರು ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ಅಚ್ಚು, ಉಪಕರಣ ಮಾಡುವ ಟೂಲ್‌ರೂಮಿನಲ್ಲಿ ಮೂವತ್ತೊಂದು ವರ್ಷ ದುಡಿದು ಆಗಷ್ಟೇ ರಿಟೈರಾಗಿದ್ದರು. ಬಾಗಲಕೋಟೆ ಕಡೆಯವರು. ರಾಯರು ಮಾತಿನಲ್ಲಿ ಜಿಪುಣರು, ಅಳತೆಯಲ್ಲಿ ಮಹಾ ಧಾರಾಳಿ. ನಮ್ಮ ಮನೆಯ ಬಾಗಿಲು ಕಿರ್ರೆನ್ನುತ್ತದೆ ಎಂದು ಒಂದು ಸಲ ಹೇಳಿದ್ದಕ್ಕೆ ಒಂದು ತಾಸು ಬಾಗಿಲನ್ನು ಅಳೆದರು. ಎಣ್ಣೆ ಬಿಟ್ಟಿದ್ದು ಕೊನೆಗೆ ನಾನೇ.

ಪ್ರೇಮಕ್ಕನ ಕೈಯಲ್ಲಿ ಒಂದು ವಿದ್ಯೆ ಇತ್ತು. ಬಣ್ಣದ ಕಾಗದವನ್ನು ನಾಲ್ಕೋ ಎಂಟೋ ಮಡಿಕೆ ಮಾಡಿ, ಪೆನ್ಸಿಲ್ಲಿನ ಒಂದು ಗೆರೆಯೂ ಇಲ್ಲದೆ, ಸಣ್ಣ ಕತ್ತರಿಯಿಂದ ಕಚಕಚ ಕತ್ತರಿಸಿ ಬಿಚ್ಚಿದರೆ ನವಿಲು, ಕಳಸ, ಬಾಳೆಗಿಡ, ಜೋಳದ ತೆನೆ ಸಾಲಾಗಿ ನಿಲ್ಲುತ್ತಿದ್ದವು. ನಮ್ಮ ಕಡೆಯ ಕನ್ನಡದವರ ಮನೆಗಳಲ್ಲಿ ಮದುವೆಯಿರಲಿ, ತೊಟ್ಟಿಲಿರಲಿ, ಬಾಗಿಲ ಮೇಲೆ ಪ್ರೇಮಕ್ಕನ ಕಾಗದದ ತೋರಣ ಇರಲೇಬೇಕು. ದುಡ್ಡು ಮುಟ್ಟುತ್ತಿರಲಿಲ್ಲ. ಆದರೆ ಒಂದು ಕರಾರಿತ್ತು. ಕತ್ತರಿ ಹಿಡಿಯುವ ಮೊದಲು ಆ ಮನೆಗೆ ಹೋಗಿ ಒಂದು ಮಧ್ಯಾಹ್ನ ಕೂರಬೇಕು. ಚಹಾ ಕುಡಿಯುತ್ತ ಕೇಳುವರು: ನಿಮ್ಮದು ಯಾವ ಊರು? ಮನೆದೇವರು ಯಾರು? ಅಜ್ಜಿಯ ಹೆಸರೇನು? ಹಿತ್ತಲಲ್ಲಿ ನಿಂಬೆ ಇತ್ತೋ ನುಗ್ಗೆ ಇತ್ತೋ? ಎರಡು ತಾಸು ಹೀಗೆ ಹರಟಿ ಬಂದ ಮೇಲೆಯೇ ಮಡಿಕೆ. ಕುಡಚಿಯವರ ಮನೆಗೆ ಕಬ್ಬು ಬಂದರೆ, ಇಳಕಲ್ಲಿನವರ ಮನೆಗೆ ಸೀರೆಯ ಸೆರಗಿನ ಹಲ್ಲಿನಂಥ ವಿನ್ಯಾಸ. ಒಬ್ಬರ ಮನೆಗೆ ಮಾಡಿದ್ದನ್ನು ಇನ್ನೊಬ್ಬರು ಬೇಕೆಂದರೆ "ಅದು ಅವರ ಮನೀದು" ಎಂದು ಮುಗಿಸಿಬಿಡುವರು.

ಇಂಥವರ ಬಳಿಗೆ ಮೇಲಿನ ಮಹಡಿಯ ಚಿನ್ಮಯಿ ಬಂದಳು. ಮೈಸೂರಿನ ಹುಡುಗಿ, ಮಾಧಾಪುರದಲ್ಲಿ ಸಾಫ್ಟ್‌ವೇರ್ ಕೆಲಸ, ಮೇ ತಿಂಗಳಲ್ಲಿ ಮದುವೆ.

"ಆಂಟಿ, ಆಫೀಸಿನವರಿಗೆ ಕೊಡೋಕೆ ನೂರೈವತ್ತು ಕಾರ್ಡು ಬೇಕು. ಒಂದೊಂದರ ಮೇಲೂ ನಿಮ್ಮ ಜೋಡಿ ನವಿಲು. ಆದ್ರೆ ಎಲ್ಲಾ ಒಂದೇ ಥರ ಇರ್ಬೇಕು, ಪ್ಲೀಸ್. ಒಬ್ರಿಗೆ ಒಂಥರ, ಇನ್ನೊಬ್ರಿಗೆ ಒಂಥರ ಅಂದ್ರೆ ಚೆನ್ನಾಗಿರಲ್ಲ."

ಆಕೆ ಹೋದ ಮೇಲೆ ಪ್ರೇಮಕ್ಕ ನನ್ನ ಕಡೆ ತಿರುಗಿದರು. "ಒಂದಽ ತರಾ ಬೇಕಂದ್ರ ನನ್ನ ಯಾಕ ಕೇಳಾಕತ್ತೈತಿ ಈ ಹುಡುಗಿ?"

"ಈಗಿನ ಕಾಲ ಹಂಗಽ ಐತಿ ಅಕ್ಕಾ. ಫ್ಲ್ಯಾಟೂ ಒಂದಽ ತರಾ, ಕೊಳ್ಳಾಗಿನ ಆಫೀಸ್ ಕಾರ್ಡಿನ ಪಟ್ಟೀನೂ ಒಂದಽ ತರಾ," ಎಂದೆ. ಅವರು ನಗಲಿಲ್ಲ.

ಅದೇ ವಾರ, ಜನವರಿಯ ಎರಡನೆಯ ಭಾನುವಾರ, ನಾಂಪಲ್ಲಿಯ ನುಮಾಯಿಶ್‌ಗೆ ಹೋದೆವು. ಪ್ರತಿವರ್ಷ ಜನವರಿ ಒಂದರಿಂದ ಫೆಬ್ರವರಿ ಹದಿನೈದರವರೆಗೆ ನಡೆಯುವ ಆ ವಸ್ತುಪ್ರದರ್ಶನಕ್ಕೆ ಹೋಗಿ ಮಿರ್ಚಿ ಬಜ್ಜಿ ತಿನ್ನದಿದ್ದರೆ ಹೈದರಾಬಾದಿನಲ್ಲಿ ಇದ್ದೂ ಇಲ್ಲದಂತೆ. ಕಾಶ್ಮೀರಿ ಶಾಲುಗಳ ಸಾಲು ದಾಟಿದ ಮೇಲೆ ಒಂದು ಸಣ್ಣ ಮಳಿಗೆಯ ಮುಂದೆ ರಾಯರು ನಿಂತುಬಿಟ್ಟರು. ಮೇಜಿನ ಮೇಲೆ ಹೊಲಿಗೆ ಮಷೀನಿನ ಅರ್ಧದಷ್ಟು ಎತ್ತರದ ಒಂದು ಯಂತ್ರ. ಒಳಗೆ ಎರಡು ಉರುಳೆ, ಪಕ್ಕದಲ್ಲಿ ಹಿಡಿಕೆ. ಮಳಿಗೆಯವನು ಚಿಟ್ಟೆಯಾಕಾರದ ಉಕ್ಕಿನ ಅಚ್ಚಿನ ಮೇಲೆ ದಪ್ಪ ಕಾಗದವಿಟ್ಟು, ಮೇಲೆ ಕೆಳಗೆ ಪ್ಲಾಸ್ಟಿಕ್ ಹಲಗೆ ಇಟ್ಟು, ಹಿಡಿಕೆ ತಿರುಗಿಸಿದ. ಆ ಕಡೆಯಿಂದ ಚಿಟ್ಟೆ ಬಂತು. ಮತ್ತೆ ತಿರುಗಿಸಿದ, ಅದೇ ಚಿಟ್ಟೆ.

"ಕರೆಂಟು ಬ್ಯಾಡ, ಏನೂ ಬ್ಯಾಡ," ರಾಯರ ಕಣ್ಣು ಹೊಳೆಯುತ್ತಿತ್ತು. "ನೋಡು ಪ್ರೇಮಾ, ನೂರಲ್ಲ, ಸಾವಿರ ಮಾಡಿದ್ರೂ ಕೂದಲೆಳಿಯಷ್ಟು ಫರಕ ಬರೂದಿಲ್ಲ."

ಬೆಲೆ ಕೇಳಿದರೆ ಹತ್ತು ಅಚ್ಚು ಸೇರಿಸಿ ಹನ್ನೊಂದು ಸಾವಿರ. ನಾನು ಹಿಂದೆ ಸರಿದೆ. ರಾಯರು ಸರಿಯಲಿಲ್ಲ. ಪ್ರೇಮಕ್ಕ ಚಿಟ್ಟೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಲೇ ಇದ್ದರು, ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

"ಸೋಂಚ್‌ಕೇ ಆವೋ ಅಮ್ಮಾ," ಎಂದ ಮಳಿಗೆಯವನು. "ಪಂದ್ರಾ ತಾರೀಖ್ ತಕ್ ಇಧರೀಚ್ ಹೂಂ." ಯೋಚಿಸಿ ಬನ್ನಿ, ಹದಿನೈದರವರೆಗೆ ಇಲ್ಲೇ ಇರುತ್ತೇನೆ ಎಂದು ಅವನ ಮಾತು.

ನುಮಾಯಿಶ್‌ನ ಕೊನೆಯ ದಿನಗಳಲ್ಲಿ ಬೆಲೆ ಇಳಿಯುತ್ತದೆ ಎಂಬುದು ಊರಿಗೆಲ್ಲ ಗೊತ್ತು. ಹೀಗಾಗಿ ಕಾಯುವುದರಲ್ಲಿ ದಡ್ಡತನವೇನೂ ಇರಲಿಲ್ಲ. ಆದರೆ ಪ್ರೇಮಕ್ಕ ಕಾಯಲಿಲ್ಲ, ಒದ್ದಾಡಿದರು. ಬೆಳಿಗ್ಗೆ ಹಾಲಿನ ಪ್ಯಾಕೆಟ್ ತೆಗೆಯುವಾಗ "ತಗೊಂಡಽ ಬಿಡೂಣು ತಾರಾ" ಎನ್ನುವರು. ಮಧ್ಯಾಹ್ನ ಬಟ್ಟೆ ಒಣಹಾಕುವಾಗ "ಬ್ಯಾಡಾ, ಎಲ್ಲಿಡೂದು ಅದನ್ನ?" ಸಂಜೆಗೆ "ಚಿನ್ಮಯಿ ಪಾಪ ಆಸೆ ಇಟ್ಕೊಂಡೈತಿ." ಮರುದಿನ "ದಪ್ಪ ಕಾಗದಾನಽ ಬೇಕಂತ, ನನ್ನ ತೆಳ್ಳಗಿನ ಕಾಗದ ನಡೆಯೂದಿಲ್ಲಂತ." ಒಂದು ದಿನದ ಕಾರಣ ಇನ್ನೊಂದು ದಿನಕ್ಕೆ ಇರುತ್ತಿರಲಿಲ್ಲ. ನನಗೆ ರೇಗಿಹೋಯಿತು. "ನಿಮಗ ಬೇಕೋ ಬ್ಯಾಡೋ ಅಷ್ಟು ಹೇಳ್ರಿ ಅಕ್ಕಾ," ಎಂದರೆ "ನಂಗ ಏನೂ ತಿಳೀವಲ್ದು ತಾರಾ" ಎಂದು ಅಡುಗೆಮನೆಗೆ ಹೋಗಿಬಿಡುವರು. ಇಷ್ಟು ಸಣ್ಣ ಮಾತಿಗೆ ಇಷ್ಟೊಂದು ಏಕೆ ಎಂದು ನನಗಂತೂ ತಲೆಗೆ ಹತ್ತಲಿಲ್ಲ.

ಹತ್ತಿದ್ದು ಜನವರಿ ಕೊನೆಯಲ್ಲಿ. ಒಂದು ಮಧ್ಯಾಹ್ನ ಅವರು ಶೇಂಗಾ ಚಟ್ನಿಯ ಡಬ್ಬಿ ಹಿಡಿದು ಬಂದು, ಮುಚ್ಚಳ ತೆಗೆದು ಕೊಡು ಎಂದರು. ನಾನು ಎಡಗೈಯಲ್ಲೇ ತೆಗೆದು, "ಇಷ್ಟಕ್ಕ ನಾ ಬೇಕಾದ್ನೇನ್ರಿ?" ಎಂದು ಚುಡಾಯಿಸಿದೆ. ಅವರ ಕಣ್ಣಲ್ಲಿ ನೀರು ಬಂತು. ಬಲಗೈ ಚಾಚಿ ತೋರಿಸಿದರು. ಹೆಬ್ಬೆರಳಿನ ಬುಡ ಊದಿಕೊಂಡಿತ್ತು.

"ಏಳು ತಿಂಗಳಾತು. ಕತ್ತರಿ ಹಿಡದ್ರ ಐದು ನಿಮಿಷಕ್ಕ ಬೆಂಕಿ ಇಟ್ಟಂಗ ಆಗತೈತಿ. ಡಾಕ್ಟರು ಇನ್ನ ಕತ್ತರಿ ಹಿಡೀಬ್ಯಾಡ್ರಿ ಅಂದಾರ."

"ರಾಯರಿಗೆ ಹೇಳೀರಿ?"

"ಅವರಿಗೆ ಹೇಳಿದ್ರ ಮುಗೀತು, ಕತ್ತರಿ ಎತ್ತಿ ಅಟ್ಟದ ಮ್ಯಾಲೆ ಒಗೀತಾರ. ನೀನೂ ಹೇಳಬ್ಯಾಡ."

"ಹಂಗಾರ ಮಷೀನ್ ತಗೋರಿ! ಇದಕ್ಕಿಂತ ಏನು ಬೇಕು?"

ಅವರು ಸೋಫಾದ ತುದಿಯಲ್ಲಿ ಕೂತರು. "ನೀ ತಿಳಕೊವಲ್ಲಿ. ಮೂವತ್ತು ವರ್ಷ ಆತು ಈ ಊರಿಗೆ ಬಂದು. ಬೀದ್ಯಾಗ ತೆಲುಗು, ಬಜಾರದಾಗ ಹಿಂದಿ. ನಾ ಮನಸ್ಸು ಬಿಚ್ಚಿ ಮಾತಾಡೂದು ಅಂದ್ರ ಕಾಗದದ ಸಲುವಾಗಿ ಮಂದಿ ಮನಿಗೆ ಹೋದಾಗ ಅಷ್ಟಽ. ಮಷೀನ್ ಬಂದ್ರ ಕೈ ಉಳೀತೈತಿ. ಆದ್ರ ಹಿಡಿಕಿ ತಿರುವಾಕ ಯಾರ ಮನ್ಯಾಗ ಹೋಗಿ ಕುಂಡ್ರಲಿ? ಯಾರ ಅಜ್ಜಿ ಹೆಸರು ಕೇಳಲಿ? ತಗೊಳ್ಳಿಲ್ಲಂದ್ರ ಕತ್ತರೀನೂ ಇಲ್ಲ, ಕಾಗದಾನೂ ಇಲ್ಲ. ಕಾಗದ ಇಲ್ಲದ ಪ್ರೇಮಾನ್ನ ಯಾರು ಕರೀತಾರ, ಹೇಳು?"

ಕೊಂಡರೂ ಕಳೆದುಕೊಳ್ಳುತ್ತಾರೆ, ಬಿಟ್ಟರೂ ಕಳೆದುಕೊಳ್ಳುತ್ತಾರೆ. ಅಲ್ಲಿಯವರೆಗೆ ಅವರೊಬ್ಬರೇ ಗೊಂದಲದಲ್ಲಿದ್ದರು, ಆ ಹೊತ್ತಿನಿಂದ ನಾನೂ ಸೇರಿಕೊಂಡೆ. ಒಂದು ದಿನ ಕೊಳ್ಳಿರಿ ಎಂದೆ, ಮರುದಿನ ಬೇಡವೇ ಬೇಡ ಎಂದೆ.

ಈ ನಡುವೆ ರಾಯರು ತಮ್ಮದೇ ಲೆಕ್ಕಾಚಾರದಲ್ಲಿದ್ದರು. ಹೆಂಡತಿಗೆ ಮಳಿಗೆಯವನ ಚಿಟ್ಟೆ ಹಿಡಿಸಿಲ್ಲ, ಅದಕ್ಕೇ ಹಿಂದೆಮುಂದೆ ನೋಡುತ್ತಿದ್ದಾಳೆ ಎಂದು ಅವರ ಎಣಿಕೆ. ಅವರ ಜೊತೆ ಟೂಲ್‌ರೂಮಿನಲ್ಲಿದ್ದ ಮೌನಪ್ಪ ಈಗ ನಾಚಾರಂನಲ್ಲಿ ಮಿಠಾಯಿ ಡಬ್ಬಿ, ಔಷಧಿ ಡಬ್ಬಿಗಳ ರಟ್ಟು ಕತ್ತರಿಸುವ ಅಚ್ಚು ಮಾಡುತ್ತಿದ್ದರು. ಹಲಗೆಯಲ್ಲಿ ಗೆರೆ ಕೊರೆದು, ಚೂಪಾದ ಉಕ್ಕಿನ ಪಟ್ಟಿಯನ್ನು ಅದೇ ಗೆರೆಯಂತೆ ಬಗ್ಗಿಸಿ ಕೂರಿಸುವ ಕೆಲಸ.

"ನಿನ್ನ ನವಿಲಿಂದಽ ಡೈ ಮಾಡಸ್ತೀನಿ. ಒಂದು ಆರಿಸಿ ಕೊಡು," ಎಂದರು ಹೆಂಡತಿಗೆ.

ಒಂದು! ಮೂವತ್ತು ವರ್ಷದಲ್ಲಿ ಒಂದರಂತೆ ಇನ್ನೊಂದು ಮಾಡದವರಿಗೆ ಒಂದನ್ನು ಆರಿಸು ಎಂದರೆ ಹೇಗೆ? ಇವತ್ತು ಕೊಡುತ್ತೇನೆ, ನಾಳೆ ಕೊಡುತ್ತೇನೆ ಎಂದು ಪ್ರೇಮಕ್ಕ ಒಂದು ವಾರ ತಳ್ಳಿದರು. ರಾಯರಿಗೆ ತಾಳ್ಮೆ ಮುಗಿಯಿತು. ಅಲ್ಮೇರಾದ ಬಾಗಿಲ ಒಳಬದಿಯಲ್ಲಿ ಎದುರುಬದುರು ನಿಂತ ಒಂದು ಜೋಡಿ ನವಿಲನ್ನು ಅಂಟಿಸಿಟ್ಟಿದ್ದು ಅವರ ಕಣ್ಣಿಗೆ ಬಿತ್ತು. ಮಾಡಿದ್ದನ್ನೆಲ್ಲ ಊರಿಗೆ ಹಂಚುವವಳು ಇದೊಂದನ್ನು ತನಗೆಂದು ಇಟ್ಟುಕೊಂಡಿದ್ದಾಳೆ ಎಂದರೆ ಇದೇ ಅವಳಿಗೆ ಹೆಚ್ಚು ಇಷ್ಟ ಎಂದುಕೊಂಡರು. ಅದರ ಮೇಲೆ ತೆಳು ಹಾಳೆ ಹರಡಿ ಗೆರೆ ಇಳಿಸಿಕೊಂಡು, ವರ್ನಿಯರ್ ಹಿಡಿದು ಒಂದೊಂದು ಗರಿಯನ್ನೂ ಅಳೆದು, ಸದ್ದಿಲ್ಲದೆ ನಾಚಾರಂಗೆ ಹೋದರು.

ಫೆಬ್ರವರಿ ಹನ್ನೆರಡು, ಶನಿವಾರ. ಪತ್ರಿಕೆಯಲ್ಲಿ ಸುತ್ತಿದ ಅಚ್ಚನ್ನು ಬಗಲಲ್ಲಿಟ್ಟುಕೊಂಡು ರಾಯರು ನಮ್ಮಿಬ್ಬರನ್ನೂ ನುಮಾಯಿಶ್‌ಗೆ ಎಬ್ಬಿಸಿಕೊಂಡು ಹೊರಟರು. ಲೋಕಲ್ ರೈಲಿನಲ್ಲಿ ನಾಂಪಲ್ಲಿಯವರೆಗೂ ಒಬ್ಬರೇ ಮುಗುಳ್ನಗುತ್ತಿದ್ದರು. ಪ್ರೇಮಕ್ಕ "ಏನೈತ್ರಿ ಅದು?" ಎಂದು ಎರಡು ಸಲ ಕೇಳಿದರೂ ಬಾಯಿ ಬಿಡಲಿಲ್ಲ.

ಮಳಿಗೆಯ ಮುಂದೆ ಕಾಗದ ಬಿಚ್ಚಿದರು. ಮಳಿಗೆಯವನು ಅಚ್ಚನ್ನು ತಿರುಗಿಸಿ ನೋಡಿ, ನೀಲಿ ಕಾಗದವಿಟ್ಟು ಹಿಡಿಕೆ ತಿರುಗಿಸಿದ. ಜೋಡಿ ನವಿಲು ಹೊರಗೆ ಬಂತು. ಗರಿಗರಿಯಾಗಿ, ಒಂದು ಎಳೆಯೂ ಹರಿಯದೆ. "ಕ್ಯಾ ಬಾತ್ ಹೈ ಚಾಚಾ!" ಎಂದ. ಸುತ್ತ ನಿಂತವರು ಕತ್ತು ಚಾಚಿದರು.

ಪ್ರೇಮಕ್ಕ ನವಿಲನ್ನು ದೀಪಕ್ಕೆ ಹಿಡಿದು ನೋಡಿದರು. ಆಮೇಲೆ ಮಳಿಗೆಯವನನ್ನು ಸರಿಸಿ ತಾವೇ ಎಡಗೈಯಲ್ಲಿ ಹಿಡಿಕೆ ತಿರುಗಿಸಿದರು. ಇನ್ನೊಂದು ಬಂತು, ಮತ್ತೊಂದು ಬಂತು. ಐದನ್ನು ಸಾಲಾಗಿ ಮೇಜಿನ ಮೇಲಿಟ್ಟು ನಗತೊಡಗಿದರು. ನಗು ನಿಲ್ಲಲಿಲ್ಲ.

"ತುರಾಯಿ ಎಲ್ಲೈತ್ರಿ?"

"ಯಾವ ತುರಾಯಿ?"

"ನವಿಲಿನ ತಲೀ ಮ್ಯಾಲಿಂದು! ನವಿಲಿಗೆ ತುರಾಯಿ ಇರತೈತೋ ಇಲ್ಲೋ?"

ನಾನೂ ಆಗಲೇ ನೋಡಿದ್ದು. ಹತ್ತೂ ನವಿಲುಗಳು ಕೋಳಿಮರಿಯಂತೆ ಬೋಳು ತಲೆಯಲ್ಲಿ ನಿಂತಿದ್ದವು.

"ಸ್ಯಾಂಪಲ್‌ನ್ಯಾಗ ಇರಲಿಲ್ಲ," ರಾಯರು ಗಾಬರಿಯಾದರು. "ಸ್ಯಾಂಪಲ್ ಹೆಂಗೈತೋ ಹಂಗಽ ಮಾಡಸೀನಿ. ಒಂದು ಗೆರಿ ಹೆಚ್ಚಿಲ್ಲ, ಕಡಿಮಿ ಇಲ್ಲ."

"ಇರಲಿಲ್ಲ, ಖರೇನಽ. ಅದು ಕೆಟ್ಟದ್ರೀ. ಮಡಿಕಿ ಮ್ಯಾಲೆ ಕತ್ತರಿ ಜಾರಿ ಎರಡೂ ತುರಾಯಿ ಉದುರಿದ್ವು. ಯಾರಿಗೂ ಕೊಡಾಕ ಬರೂದಿಲ್ಲಂತ ಅಲ್ಮೇರಾದಾಗ ಹಚ್ಚಿದ್ದೆ."

"ನಿನ್ನ ಕೈಯಾಗಿನ ಕತ್ತರಿ ಜಾರಿತು?" ರಾಯರು ನಂಬಲಿಲ್ಲ.

ನಗು ಅಲ್ಲಿಗೆ ನಿಂತಿತು. ಪ್ರೇಮಕ್ಕ ಬಲಗೈ ಎತ್ತಿ ಅವರ ಮುಂದೆ ಹಿಡಿದರು. "ಕೈ ನಡೀವಲ್ದುರೀ. ಏಳು ತಿಂಗಳಾತು."

ಅಷ್ಟು ಜನರ ಮಧ್ಯೆ ರಾಯರು ಹೆಂಡತಿಯ ಕೈಯನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡು ಹೆಬ್ಬೆರಳಿನ ಬುಡವನ್ನು ಮೆಲ್ಲಗೆ ಒತ್ತಿದರು. ಪ್ರೇಮಕ್ಕ ಹಲ್ಲು ಕಚ್ಚಿದರು. "ಹತ್ತು ಸಲ ಅಳದೆ ನಾ," ಎಂದರು ರಾಯರು ತಗ್ಗಿದ ದನಿಯಲ್ಲಿ. "ತುರಾಯಿ ಇಲ್ಲಂತ ಕಾಣಲಿಲ್ಲ. ಈ ಕೈನೂ ಕಾಣಲಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ನಿನಗ ಗೊತ್ತಿತ್ತೇನವಾ ತಾರಾ?" ಎಂದು ಕೇಳಿದರು. ನಾನು ಪಕ್ಕದ ಬಳೆ ಅಂಗಡಿಯನ್ನು ನೋಡುತ್ತ ನಿಂತೆ. ಅವತ್ತು ಏನೂ ಕೊಳ್ಳದೆ ಬಂದೆವು.

ಮರುದಿನ ಭಾನುವಾರ ಪ್ರೇಮಕ್ಕ ತಾವೇ ಮಹಡಿ ಹತ್ತಿ ಚಿನ್ಮಯಿಗೆ ನಿಜ ಹೇಳಿದರು. ಒಳ್ಳೆಯ ಹುಡುಗಿ, ಕೈ ಹಿಡಿದುಕೊಂಡು ಮರುಗಿದಳು, ಒಂದು ಮುಲಾಮಿನ ಹೆಸರು ಬರೆದುಕೊಟ್ಟಳು. "ಪರವಾಗಿಲ್ಲ ಆಂಟಿ, ನೀವು ಟೆನ್ಷನ್ ಮಾಡ್ಕೋಬೇಡಿ. ಪ್ರೆಸ್ಸಲ್ಲಿ ನವಿಲು ಪ್ರಿಂಟ್ ಮಾಡಿಸ್ಕೋತೀನಿ," ಎಂದಳು. ಕೆಳಗಿಳಿದು ಬಂದ ಪ್ರೇಮಕ್ಕ, "ಎರಡಽ ನಿಮಿಷ ನೋಡು ತಾರಾ. ಎರಡು ನಿಮಿಷದಾಗ ನಾ ಬ್ಯಾಡಾದೆ," ಎಂದರು. ಹುಡುಗಿಯ ಮೇಲೆ ಸಿಟ್ಟು ಮಾಡಲೂ ಆಗದೆ ಬಿಡಲೂ ಆಗದೆ ನಾನು ಒಗ್ಗರಣೆ ಸೀಯಿಸಿದೆ.

ಇನ್ನೊಂದು ಮನೆ ಬಾಕಿ ಇತ್ತು. ಕಾಲೊನಿಯಲ್ಲಿರುವ ಕೃಷ್ಣಾಬಾಯಿ, ಎಪ್ಪತ್ತೈದು ದಾಟಿದ ಹಿರಿಯರು. ಅವರ ಮೊಮ್ಮಗಳು ಕೃಪಾಳ ಮದುವೆಯ ತೋರಣಕ್ಕೆ ಪ್ರೇಮಕ್ಕ ಮಾತು ಕೊಟ್ಟಿದ್ದರು. ಸೋಮವಾರ ಮಧ್ಯಾಹ್ನ, ನನ್ನಿಂದ ಇನ್ನು ಆಗುವುದಿಲ್ಲ ಎಂದು ಹೇಳಿಬರುತ್ತೇನೆ ಎಂದು ಹೊರಟರು. ಐದು ನಿಮಿಷದಲ್ಲಿ ಹೇಳಿ ಬರುವ ಮಾತು. ಮೂರಕ್ಕೆ ಹೋದವರು ದೀಪ ಹಚ್ಚುವ ಹೊತ್ತಾದರೂ ಬರಲಿಲ್ಲ. ನಾನೂ ರಾಯರೂ ಬಾಗಿಲಲ್ಲೇ ನಿಂತಿದ್ದೆವು.

ಬಂದವರೇ ನಮ್ಮ ಮನೆಯೊಳಗೆ ಬಂದು ಕೂತರು. ಮುಖ ನೋಡಿದರೆ ಖುಷಿಯೋ ದುಃಖವೋ ಗೊತ್ತಾಗುವಂತಿರಲಿಲ್ಲ.

"ಹೇಳಿದ್ರಿ?" ಎಂದೆ.

"ಹೋದ ಕೂಡ್ಲೇ ಹೇಳಿದೆ. ಕೃಷ್ಣಾಬಾಯಾರು, 'ಅಯ್ಯ, ಅದಕ್ಕೇನಾತು ಬಿಡಽ, ಇಕಾ ಈ ಹುಣಚಿಹಣ್ಣು ಬಿಡಿಸು' ಅಂತ ಪರಾತ ಮುಂದಿಟ್ರು. ಎಡಗೈಲೆ ಬಿಡಿಸಿದೆ. ಹಂಗಽ ಮಾತಿಗೆ ಮಾತು ಬಂತು. ಬಿಡಲಿಲ್ಲ ಅವರು. ಗುರುವಾರ ಹಪ್ಪಳ ಹಾಕೋದೈತಂತ, ಬರಾಕಬೇಕಂತ. ಲಗ್ನಕ್ಕ ನಾಕು ದಿನ ಮೊದಲಽ ಬಂದು ಇರಬೇಕಂತ."

"ಮತ್ತ ಇನ್ನೇನು ಬೇಕು ಅಕ್ಕಾ? ಯಾರೂ ಕರೆಯೂದಿಲ್ಲ ಅಂತಿದ್ರಿ!"

"ಹೌದು." ಪ್ರೇಮಕ್ಕ ಸೆರಗಿನ ತುದಿಯನ್ನು ಸುತ್ತಿದರು, ಬಿಚ್ಚಿದರು. "ಮೂರು ತಾಸಿನ್ಯಾಗ ತೋರಣದ ಮಾತು ಮತ್ತ ಯಾರೂ ಎತ್ತಲಿಲ್ಲ ತಾರಾ. ಬಾಗಲಕ್ಕ ಏನು ಕಟ್ಟೂದು ಅಂತಾನೂ ಯಾರೂ ಕೇಳಲಿಲ್ಲ. ಅವರ ಮೊಮ್ಮಗನ ಮುಂಜವಿಗೆ ನಾ ಮೂರು ದಿನ ಕುಂತು ಮಾಡಿಕೊಟ್ಟಿದ್ದೆ. ಹಂಗಾರ ಇಷ್ಟು ವರ್ಷ ನಾ ಮಾಡಿದ್ದನ್ನ ಯಾರೂ ನೋಡೇ ಇಲ್ಲೇನು?"

ನಾನು ಬಾಯಿ ತೆರೆದೆ. ಎಲ್ಲರೂ ನೋಡಿದ್ದಾರೆ, ನಾನೇ ನೋಡಿಲ್ಲವೇ ಎಂದು ಹೇಳಬೇಕಿತ್ತು. ಅಷ್ಟರಲ್ಲಿ ಅವರ ಕಣ್ಣು ನಮ್ಮ ಬಾಗಿಲ ಮೇಲೆ ಹೋಯಿತು. ನಾವು ಈ ಮನೆಗೆ ಬಂದಾಗ ಅವರು ನಮಗೂ ಒಂದು ತೋರಣ ಮಾಡಿಕೊಟ್ಟಿದ್ದರು. ನಮ್ಮೂರ ಹತ್ತಿ ಗಿಡ, ನನ್ನ ಅಜ್ಜಿಯ ರಾಟಿ. ಹೋದ ದೀಪಾವಳಿಗೆ ಗೋಡೆಗೆ ಬಣ್ಣ ಬಳಿಸುವಾಗ ನಾನೇ ಅದನ್ನು ಕಿತ್ತು, ಮುದ್ದೆ ಮಾಡಿ ಕಸದ ಬುಟ್ಟಿಗೆ ಹಾಕಿದ್ದೆ. ಹಾಕುವಾಗ ಒಂದು ಕ್ಷಣವೂ ಯೋಚಿಸಿರಲಿಲ್ಲ. ಈಗ ನಾಚಿಕೆಯಿಂದ ನೆಲ ನೋಡಿದೆ. ಪ್ರೇಮಕ್ಕ ಎದ್ದು ಹೋದರು.

ಮಂಗಳವಾರ ಹದಿನೈದು, ನುಮಾಯಿಶ್‌ನ ಕೊನೆಯ ದಿನ. ನಾಲ್ಕು ಗಂಟೆಗೆ ಎದುರು ಮನೆಯ ಬಾಗಿಲು ತೆರೆಯಿತು. ಪ್ರೇಮಕ್ಕ ಇಸ್ತ್ರಿ ಸೀರೆ ಉಟ್ಟು ನಿಂತಿದ್ದರು. ಹಿಂದೆ ರಾಯರು, ಕೈಯಲ್ಲಿ ದೊಡ್ಡ ಚೀಲ.

"ಬರ್ತೀ ಏನು ತಾರಾ? ಮಷೀನ್ ತರಾಕ ಹೊಂಟೀವಿ."

ನನಗೆ ಏನೇನೂ ಅರ್ಥವಾಗಲಿಲ್ಲ. ಚಿನ್ಮಯಿಯ ಕಾರ್ಡು ಕೈತಪ್ಪಿತು, ಕೃಷ್ಣಾಬಾಯಿಗೆ ತೋರಣ ಬೇಕಿಲ್ಲ, ಇನ್ನು ಮಷೀನು ಏಕೆ? ದಾರಿಯುದ್ದಕ್ಕೂ ಕೇಳಿದೆ, ರಾಯರನ್ನೂ ಕೇಳಿದೆ. "ನಂಗೂ ತಿಳಿದಿಲ್ಲವಾ. ಅಕಿ ಅಂದ್ಲು, ನಾ ಹೊಂಟೆ," ಎಂದರು. ಮಳಿಗೆಯಲ್ಲಿ ಪ್ರೇಮಕ್ಕ ಹತ್ತು ಅಚ್ಚುಗಳ ಡಬ್ಬಿಯನ್ನು ಮುಂದೆ ಎಳೆದುಕೊಂಡು ಒಂದೊಂದನ್ನೂ ಎತ್ತಿ ನೋಡಿದರು. ಎಲೆ, ಹೂವು, ಬರೀ ವೃತ್ತ. ಬೆಲೆ ನಿಜವಾಗಿಯೂ ಇಳಿದಿತ್ತು. ಅರ್ಧ ನಿಮಿಷವೂ ತಡಮಾಡದೆ "ಕಟ್ಟಿ ಕೊಡಪಾ" ಎಂದು ಕನ್ನಡದಲ್ಲೇ ಹೇಳಿದರು. ಅವನಿಗೂ ತಿಳಿಯಿತು.

ವಾಪಸು ಬರುವ ರೈಲಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಯಾರೆಷ್ಟು ಕೇಳಿದರೂ ಕೆಳಗಿಡಲಿಲ್ಲ.

"ಅಲ್ಲ ಅಕ್ಕಾ, ಇದರಾಗ ಮೊದಲು ಯಾರ ಮನೀದು ಮಾಡ್ತೀರಿ?" ಎಂದೆ.

"ಯಾರ ಮನೀದೂ ಅಲ್ಲ."

"ಮತ್ತ?"

"ಅವರ ಸಲುವಾಗಿ ಮಾಡಾಕತ್ತೀನಿ ಅಂತ ತಿಳಕೊಂಡಿದ್ದೆ. ಅವರಿಗೆ ಬೇಕಾಗಿರಲಿಲ್ಲ. ನಿನ್ನಿ ರಾತ್ರಿ ಎಲ್ಲಾ ವಿಚಾರ ಮಾಡಿದೆ. ನಂಗಽ ಬೇಕಾಗಿತ್ತು ತಾರಾ. ಅಷ್ಟು ಸಾದಾ ಮಾತು ತಿಳಿಯಾಕ ಮೂವತ್ತು ವರ್ಷ ಹಿಡೀತು." ಡಬ್ಬಿಯನ್ನು ತೊಡೆಯ ಮೇಲೆ ಸರಿಮಾಡಿಕೊಂಡರು. "ಮಂದಿ ಮನಿಗೆ ಹೋಗಿ ಹುಣಚಿಹಣ್ಣು ಬಿಡಸ್ತೀನಿ. ಕಾಗದ ನನ್ನ ಗ್ವಾಡಿಗೆ ಹಚ್ಕೋತೀನಿ."

ನನಗೊಂದು ಮಾಡಿಕೊಡಿ ಅಕ್ಕಾ ಎಂದು ಕೇಳಬೇಕೆಂದು ನಾಲಿಗೆಯ ತುದಿಯವರೆಗೂ ಬಂತು. ಯಾವ ಮುಖ ಇಟ್ಟುಕೊಂಡು ಕೇಳಲಿ?